ಒಣ ಕಾಲಿನ ಕೂಸು

ಬೇರೆಯವರ ಕೂಸಿಗೆ ಏನು ಹಚ್ಚಬೇಕು, ಏನು ಹಚ್ಚಬಾರದು ಎಂದು ತೀರ್ಮಾನಿಸುವುದು ಇಷ್ಟು ದಣಿಸುವ ಕೆಲಸವೆಂದು ಮೊದಲೇ ಗೊತ್ತಿದ್ದರೆ, ಧಾರವಾಡದ ಸಪ್ತಾಪುರದ ಈ ಮನೆಯ ಕೆಳಗಿನ ಖೋಲಿಗಳನ್ನು ಓದುವ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟು ನಾನು ಮೇಲೆ ಆರಾಮಾಗಿ ಕೂತಿರುತ್ತಿದ್ದೆ. ಆಗ ಆ ಬುದ್ಧಿ ಬರಲಿಲ್ಲ. ಶಿಶುಪಾಲನಾ ಕೇಂದ್ರ ಎಂದು ಬೋರ್ಡು ಬರೆಸಿ ಹಾಕಿದೆ. ಓಣಿಯವರಿಗೆಲ್ಲ ಅದು ಬೇಬಿ ಸಿಟ್ಟಿಂಗ್. ಆದರೆ ಅಲ್ಲಿ ನಾನು ಸಿಟ್ಟಿಂಗ್ ಮಾಡಿದ್ದನ್ನು ಯಾರೂ ನೋಡಿಲ್ಲ.

ಒಳಗಿನ ಖೋಲಿಯ ಗೋಡೆಗೆ ಹಲಗೆ ಹೊಡೆಸಿ ಪ್ರತಿ ಕೂಸಿಗೂ ಒಂದೊಂದು ಬುಟ್ಟಿ ಇಟ್ಟಿದ್ದೇನೆ. ಆ ಬುಟ್ಟಿಗಳನ್ನು ನೋಡಿದರೆ ಸಾಕು, ಯಾರ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಗೊತ್ತಾಗುತ್ತದೆ. ಪ್ರಾಧ್ಯಾಪಕ ದಂಪತಿಯ ಬುಟ್ಟಿಯಲ್ಲಿ ವಾಸನೆಯೇ ಇಲ್ಲದ ಲೋಷನ್ನು, ವಾಸನೆಯೇ ಇಲ್ಲದ ಸೋಪು. ಅದರ ಪಕ್ಕದ ಬುಟ್ಟಿ ಹತ್ತಿರದ ಹಳ್ಳಿ ಮುಗದದ ಅಜ್ಜಿಯ ಮೊಮ್ಮಗನದು. ಅದರಲ್ಲಿ ಅಜ್ಜಿ ತಾನೇ ಕಾಯಿಸಿ ಕಳಿಸುವ ಕಂದು ಬಣ್ಣದ ಎಣ್ಣೆ. ಬೂಚು ತೆಗೆದರೆ ಅಡುಗೆಮನೆ, ದೇವರಮನೆ ಎರಡೂ ಒಟ್ಟಿಗೇ ಮೂಗಿಗೆ ಬರುತ್ತವೆ. ಸೊಸೆ ತಂದ ಬೇಬಿ ಆಯಿಲ್ ಸೀಲು ಸಹ ಒಡೆಯದೆ ಅದೇ ಬುಟ್ಟಿಯ ತಳದಲ್ಲಿ ಬಿದ್ದಿರುತ್ತದೆ.

ನನ್ನ ನಿಯಮಗಳು ಸರಳವಾಗಿದ್ದವು. ಮನೆಯಲ್ಲಿ ಮೊದಲು ಹಚ್ಚಿ ನೋಡಿರದ ಯಾವುದನ್ನೂ ಇಲ್ಲಿ ಹಚ್ಚುವುದಿಲ್ಲ. ಹೊಸದೇನಾದರೂ ತಂದರೆ ಮೊಣಕೈಯ ಒಳಮಗ್ಗುಲಿಗೆ ಒಂದು ಚುಕ್ಕೆ ಇಟ್ಟು ಮರುದಿನದವರೆಗೆ ಕಾಯಬೇಕು. ಒಂದು ಬುಟ್ಟಿಯದು ಇನ್ನೊಂದು ಕೂಸಿಗೆ ಇಲ್ಲ. ಕಾಡಿಗೆ ಕಣ್ಣಿಗೆ ಬೇಡ, ಬೇಕಾದರೆ ಗಲ್ಲಕ್ಕೊಂದು ಬೊಟ್ಟು. ಇಷ್ಟು ಮಾಡಿದರೆ ಗೆದ್ದೆ ಎಂದುಕೊಂಡಿದ್ದೆ. ಪಾಲಕರು ಬಂದಾಗ ಬುಟ್ಟಿಗಳ ಸಾಲನ್ನು ತೋರಿಸುವುದರಲ್ಲಿ ನನಗೊಂದು ಜಂಬವೂ ಇತ್ತು.

ಆ ವರ್ಷ ಬಿಸಿಲು ಏರುತ್ತಿದ್ದ ಹೊತ್ತಿಗೆ ಒಬ್ಬ ಕಂಡಕ್ಟರ್ ತನ್ನ ಕೂಸನ್ನು ತಂದಳು. ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಬಸ್ಸಿನಲ್ಲಿ ಟಿಕೆಟು ಹರಿಯುವ ಕೆಲಸ. ಗಂಡ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದ, ಅತ್ತೆಯ ಮನೆಯೂ ಅಲ್ಲಿಯೇ. ಡಿಪೋ ಹತ್ತಿರವಾಗಲೆಂದು ಗಂಡ ಹೆಂಡತಿ ಇತ್ತ ಎರಡು ಖೋಲಿ ಹಿಡಿದಿದ್ದರು. ಆರು ತಿಂಗಳು ದಾಟಿದ ಹೆಣ್ಣು ಕೂಸು. ಹೆರಿಗೆ ರಜೆ ಮುಗಿದಿತ್ತು, ಮುಂದಕ್ಕೆ ಹಾಕುವ ದಾರಿ ಇರಲಿಲ್ಲ. ಖಾಕಿ ಅಂಗಿಯ ಮೇಲೆ ದುಪಟ್ಟಾ ಹೊದ್ದು, ಕೂಸನ್ನು ನನ್ನ ಕೈಗೆ ಕೊಟ್ಟು, ಬುಟ್ಟಿಗೆ ಕೊಬ್ಬರಿ ಎಣ್ಣೆಯ ಡಬ್ಬಿ, ಒಂದು ಸೋಪು, ನ್ಯಾಪಿ ಹಾಕುವಲ್ಲಿ ಹಚ್ಚುವ ಮುಲಾಮು ಇಟ್ಟಳು.

"ಅಕ್ಕಾರ, ಇದಕ್ಕ ಅಳೂದ ಗೊತ್ತಿಲ್ರಿ. ಅತ್ತ್ರ ಏನರ ಆಗೇತಿ ಅಂತ ತಿಳಕೋರಿ" ಎಂದಳು. ಎಂದವಳೇ ತಾನೇ ಅತ್ತಳು.

ಕೂಸು ಎರಡು ವಾರ ಚೆನ್ನಾಗಿತ್ತು. ಆಮೇಲೆ ಒಂದು ಸಂಜೆ ಮೊಣಕಾಲಿನ ಕೆಳಗೆ ರವೆಯಷ್ಟು ಸಣ್ಣ ಕೆಂಪು ಗುಳ್ಳೆಗಳು ಕಂಡವು. ಬಿಸಿಲಿಗೆ ಬೆವರುಸಾಲೆ ಎಂದು ಬಿಟ್ಟೆವು. ನಾಲ್ಕು ದಿನದಲ್ಲಿ ಅವು ಪಾದದವರೆಗೆ ಇಳಿದವು. ಅಳುವುದೇ ಗೊತ್ತಿಲ್ಲದ ಕೂಸು ಒಂದು ಕಾಲಿಗೆ ಇನ್ನೊಂದು ಕಾಲನ್ನು ಉಜ್ಜಿಕೊಳ್ಳುತ್ತ ರಚ್ಚೆ ಹಿಡಿಯತೊಡಗಿತು. ತಾಯಿ ರಜೆ ಹಾಕಿ ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ದಳು. ನಾನೂ ಹೋಗಿದ್ದೆ. ಆ ಡಾಕ್ಟರು ನಮ್ಮ ಎಷ್ಟೋ ಕೂಸುಗಳನ್ನು ನೋಡುವವರು, ನನ್ನ ಮುಖ ಕಂಡರೆ ಸಾಕು ನಿಟ್ಟುಸಿರು ಬಿಡುತ್ತಾರೆ.

"ಎಲ್ಲಾ ಬಿಡ್ರಿ" ಎಂದರು. "ಬರೇ ನೀರು, ಬರೇ ಅರಿವಿ. ಎಣ್ಣಿ ಬ್ಯಾಡ, ಪೌಡರ್ ಬ್ಯಾಡ, ಸೋಪೂ ಬ್ಯಾಡ. ಪೂರಾ ಹೋದ ಮ್ಯಾಲೆ ಒಂದೊಂದ ಹೊಳ್ಳಿ ಶುರು ಮಾಡ್ರಿ. ಎರಡು ಒಮ್ಮೆಲೆ ಶುರು ಮಾಡಿದ್ರ ಯಾವುದರಿಂದ ಆತು ಅಂತ ನಿಮಗೂ ತಿಳ್ಯಾಂಗಿಲ್ಲ, ನನಗೂ ತಿಳ್ಯಾಂಗಿಲ್ಲ."

ಅಂದಿನಿಂದ ಆ ಬುಟ್ಟಿ ಖಾಲಿಯಾಯಿತು. ಕೂಸಿನ ಹಾಸಿಗೆಯ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ಒಗೆಸಿ ಮತ್ತೆ ಮತ್ತೆ ಜಾಲಾಡಿಸಿದೆ. ಪ್ಲಾಸ್ಟಿಕ್ ಚಾಪೆ ತೆಗೆದು ಹಳೆಯ ಕೌದಿ ಹಾಸಿದೆ. ನೆಲಕ್ಕೆ ಫಿನೈಲು ನಿಲ್ಲಿಸಿ ಬಿಸಿನೀರಿನಲ್ಲಿ ಒರೆಸಿಸಿದೆ. ಒದ್ದೆ ವೈಪ್ಸಿನ ಬದಲು ಹತ್ತಿ ಬಟ್ಟೆ ತೋಯಿಸಿ ಒರೆಸಿದೆವು. ವಿಚಿತ್ರವೆಂದರೆ ನ್ಯಾಪಿ ಹಾಕುವ ಜಾಗ ಮೊದಲಿನಿಂದಲೂ ಸ್ವಚ್ಛವಾಗಿತ್ತು. ಹೊಟ್ಟೆ, ಬೆನ್ನು, ಕತ್ತು ಎಲ್ಲ ನುಣ್ಣಗಿದ್ದವು. ಮೊಣಕಾಲಿನ ಕೆಳಗೆ ಮಾತ್ರ ಗುಳ್ಳೆ. ತಾಯಿಗೆ ವಾರದ ರಜೆ ಬಂದು ಕೂಸು ಮನೆಯಲ್ಲಿ ಉಳಿದ ದಿನ ಅದು ಬಾಡುತ್ತಿತ್ತು, ಇಲ್ಲಿಗೆ ಬಂದ ಮರುದಿನವೇ ಮತ್ತೆ ಕೆಂಪಾಗುತ್ತಿತ್ತು. ನನ್ನ ಮನೆಯ ಗೋಡೆ, ನೆಲ, ಗಾಳಿ ಎಲ್ಲದರ ಮೇಲೂ ನನಗೆ ಸಂಶಯ ಹತ್ತಿತು. ದಿನವಿಡೀ ಇದನ್ನೇ ನೋಡಿ ನೋಡಿ ತಲೆ ಚಿಟ್ಟು ಹಿಡಿಯಿತು.

ಆದರೆ ಬೆಂಗೇರಿಯಲ್ಲಿದ್ದ ಅತ್ತೆಗೆ ಯಾವ ಸಂಶಯವೂ ಇರಲಿಲ್ಲ. ಸೊಸೆ ಬಿಸಿಲಿನಲ್ಲಿ ಬಸ್ಸಿನಲ್ಲಿ ನಿಂತು ತಿರುಗುತ್ತಾಳೆ, ಅವಳ ಎದೆಹಾಲು ಕಾಯುತ್ತದೆ, ಆ ಕಾದ ಹಾಲು ಕುಡಿದು ಕೂಸಿನ ಮೈ ಒಡೆಯುತ್ತದೆ. ರಜೆಯ ದಿನ ನೆರಳಿನಲ್ಲಿರುತ್ತಾಳೆ, ಅಂದು ಗುಳ್ಳೆ ಇರುವುದಿಲ್ಲ. ಲೆಕ್ಕ ಸರಿಯಾಗಿಯೇ ಕೂಡುತ್ತಿತ್ತು. ಮೇಲೆ ಬದನೆಕಾಯಿ, ಶೇಂಗಾ, ಹುಳಿ ಎಲ್ಲ ನಂಜು ಎಂದು ಬಿಡಿಸಿದರು. ಹೆಣ್ಣುಮಗಳು ರೊಟ್ಟಿ ಮೊಸರು, ಅನ್ನ ಮೊಸರು ತಿಂದು ಡ್ಯೂಟಿ ಮಾಡುತ್ತಿದ್ದಳು. ಖಾಕಿ ಅಂಗಿ ಭುಜದಿಂದ ಜಾರುವಷ್ಟು ಇಳಿದಿದ್ದಳು.

ಒಂದು ದಿನ ಡ್ಯೂಟಿ ಮುಗಿಸಿ ಬಂದವಳು ಕೂಸಿಗೆ ಹಾಲು ಕುಡಿಸುವ ಮೊದಲು ಬಚ್ಚಲಿನ ಕಡೆ ಹೋದಳು. ಕೂಸು ಹೊರಗೆ ನನ್ನ ತೊಡೆಯ ಮೇಲೆ ಹಸಿವಿಗೆ ಚೀರುತ್ತಿತ್ತು. ಎಷ್ಟು ಹೊತ್ತಾದರೂ ಅವಳು ಬರದಿದ್ದಾಗ ಕರೆಯಲು ಹೋದೆ. ಅವಳು ಗೋಡೆಗೆ ಹಣೆ ಹಚ್ಚಿ ನಿಂತು ಎದೆಹಾಲನ್ನು ಬಚ್ಚಲಿಗೆ ಹಿಂಡುತ್ತಿದ್ದಳು.

"ಏನ್ ಮಾಡಾಕತ್ತೀಯವಾ?" ಎಂದೆ.

"ಮದಲಿನ ಹಾಲು ಕಾದಿರತೈತಂತ್ರಿ. ಅದನ್ನ ಚೆಲ್ಲಿ ಆಮ್ಯಾಲೆ ಕುಡಸು ಅಂದಾರ ನಮ್ಮತ್ತಿ."

"ಡಾಕ್ಟರು ಹಾಲು ಕಾಯಾಂಗಿಲ್ಲ ಅಂತ ಹೇಳಿದ್ರಲ್ಲ?"

"ಡಾಕ್ಟರು ನಮ್ಮ ಮನ್ಯಾಗ ಬಂದು ಹೇಳ್ತಾರೇನ್ರಿ ಅಕ್ಕಾರ?" ಎಂದಳು, ತಿರುಗಿ ನೋಡದೆ. "ಈ ತಿಂಗಳದಾಗ ಕಮ್ಮಿ ಆಗಲಿಲ್ಲಂದ್ರ ನೌಕರಿ ಬಿಡಸ್ತೇನಿ ಅಂದಾರ ನಮ್ಮ ಮನ್ಯಾವ್ರು. ಪರೀಕ್ಷಾ ಬರದು, ಓಡಿ, ಜಿಗದು ತಗೊಂಡ ನೌಕರಿರಿ ಅದು."

ಹೊರಗೆ ಬಂದು ಕೂಸನ್ನು ಆಡಿಸುತ್ತ ನಿಂತೆ. ಅದರ ಹಸಿವು ಬಚ್ಚಲಿನ ಮೋರಿಯಲ್ಲಿ ಹರಿದುಹೋಗುವುದನ್ನು ಕೇಳಿಸಿಕೊಳ್ಳುತ್ತ ನಿಂತೆ ಎಂದರೂ ಸರಿಯೇ. ನನಗೆ ಅವಳ ಅತ್ತೆಯ ಮೇಲೆ, ಗಂಡನ ಮೇಲೆ ಸಿಟ್ಟು ಬಂತು. ಎಲ್ಲರಿಗಿಂತ ಹೆಚ್ಚು ನನ್ನ ಮೇಲೆಯೇ ಬಂತು.

ಇಲ್ಲಿ ನಮ್ಮ ಆಯಾಳ ಬಗ್ಗೆ ಹೇಳಬೇಕು. ನನಗಿಂತ ವಯಸ್ಸಿನಲ್ಲಿ ದೊಡ್ಡವಳು, ಮನೆಮನೆಗೆ ಹೋಗಿ ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ತೀಡಿ ನೀರು ಹಾಕುತ್ತಿದ್ದವಳು. ಅವಳ ಕೈಗುಣ ಕೇಳಿಯೇ ಎಷ್ಟೋ ಜನ ನಮ್ಮಲ್ಲಿ ಮಕ್ಕಳನ್ನು ಬಿಡುತ್ತಿದ್ದರು. ಮಧ್ಯಾಹ್ನ ಮಲಗಿಸುವ ಮೊದಲು ಒಂದೊಂದೇ ಕೂಸಿನ ಮೈ ಒರೆಸಿ, ಅವರವರ ಬುಟ್ಟಿಯ ಎಣ್ಣೆಯಿಂದ ಕೈಕಾಲು ತೀಡುವುದು ಅವಳ ಕೆಲಸ. ಕಂಡಕ್ಟರಳ ಕೂಸಿಗೆ ಎಣ್ಣೆ ಮುಟ್ಟಿಸಬಾರದು ಎಂದು ಹೇಳಿದ್ದೆ. ಅವಳು ಮುಟ್ಟಿಸಿರಲಿಲ್ಲ. ಕೇಳಿದಾಗಲೆಲ್ಲ "ಇಲ್ರಿ ಅಕ್ಕಾರ, ನಿಮ್ಮಾಣೆ" ಎನ್ನುತ್ತಿದ್ದಳು. ಅದು ಸುಳ್ಳಲ್ಲ.

ಆ ಮಧ್ಯಾಹ್ನ ನಾನು ಏನನ್ನೂ ಹುಡುಕುತ್ತಿರಲಿಲ್ಲ. ಮೊಣಕಾಲು ನೋಯುತ್ತಿತ್ತೆಂದು ಎಣ್ಣೆ ತೀಡುವ ಖೋಲಿಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದೆ, ಅಷ್ಟೆ. ಆಯಾ ತನ್ನ ಚಾಚಿದ ಕಾಲುಗಳ ಮೇಲೆ ಮುಗದದ ಅಜ್ಜಿಯ ಮೊಮ್ಮಗನನ್ನು ಮಲಗಿಸಿಕೊಂಡು ತೀಡುತ್ತಿದ್ದಳು. ಖೋಲಿಯ ತುಂಬ ಆ ಎಣ್ಣೆಯ ಘಮಲು. ಅವನನ್ನು ಮುಗಿಸಿ, ಬಟ್ಟೆ ಸುತ್ತಿ, ಪಕ್ಕಕ್ಕೆ ಮಲಗಿಸಿದಳು. ಅವನ ಆಚೆ ಕೌದಿಯ ಮೇಲೆ ಕಂಡಕ್ಟರಳ ಕೂಸು ಕಾಲು ಬಡಿಯುತ್ತ ಮಲಗಿತ್ತು. ಆಯಾ ಬಗ್ಗಿ, ಎರಡೂ ಅಂಗೈಗಳನ್ನು ಅದರ ಮೊಣಕಾಲಿನಿಂದ ಬೆರಳ ತುದಿಯವರೆಗೆ ಒಮ್ಮೆ ಎಳೆದು, ಮುಂದಿನ ಬುಟ್ಟಿಗೆ ಕೈ ಹಾಕಿದಳು.

ನಾನು ನೋಡಿಯೂ ನೋಡದವಳ ಹಾಗೆ ಒಂದು ಗಳಿಗೆ ಕೂತಿದ್ದೆ. ಅದು ಅಷ್ಟು ಪರಿಚಯದ ಚಲನೆ. ಕೈಯಲ್ಲಿ ಉಳಿದ ಎಣ್ಣೆಯನ್ನು ನಮ್ಮಲ್ಲಿ ಯಾರೂ ಸೋಪು ಹಚ್ಚಿ ತೊಳೆಯುವುದಿಲ್ಲ. ತಲೆಗೆ ಸವರಿಕೊಳ್ಳುತ್ತೇವೆ, ಮೊಣಕೈಗೆ ತಿಕ್ಕಿಕೊಳ್ಳುತ್ತೇವೆ, ಹತ್ತಿರ ಕೂತ ಮಗುವಿನ ಕಾಲಿಗೆ ಒರೆಸುತ್ತೇವೆ. ನಮ್ಮವ್ವ ಒಗ್ಗರಣೆಗೆ ಎಣ್ಣೆ ಸುರಿದ ಕೈಯನ್ನು ನನ್ನ ಕಾಲಿಗೆ ಒರೆಸಿದ್ದು ನೆನಪಿದೆ. ಅದನ್ನು ಯಾರೂ ಎಣ್ಣೆ ಹಚ್ಚುವುದು ಎನ್ನುವುದಿಲ್ಲ. ಅದಕ್ಕೆ ಹೆಸರೇ ಇಲ್ಲ.

"ಈಗೇನ್ ಮಾಡಿದಿಬೇ?" ಎಂದೆ.

"ಯಾವಾಗ್ರಿ?"

"ಈ ಕೂಸಿನ ಕಾಲಿಗೆ."

"ಏನೂ ಹಚ್ಚಿಲ್ರಿ ಅಕ್ಕಾರ" ಎಂದಳು, ನಿಜವಾಗಿಯೇ ಗಾಬರಿಯಾಗಿ. "ಕೈ ಒರಸಿದೆ. ಕೈಯಾಗಿಂದು."

"ದಿನಾ ಒರಸ್ತಿ?"

"ಮತ್ತೇನ್ರಿ. ಇದು ಬಂದಾಗಿಂದ ಮಗ್ಗಲದಾಗ ಇರೂದು ಇದ ಅಲ್ರಿ. ಈಗಂತೂ ಎಲ್ಲಾ ಕೂಸಿಗೂ ತೀಡತೇನಿ, ಇದೊಂದ ನನ್ನ ಮುಂದ ಒಣ ಕಾಲು ಬಡಕೋತ ಬಿದ್ದಿರತೈತಿ. ಕರಳು ಚುರ್ ಅನ್ನೂದಿಲ್ಲೇನ್ರಿ? ಹಚ್ಚಬ್ಯಾಡ ಅಂದ್ರಿ, ಹಚ್ಚಿಲ್ಲ. ಕೈ ಒರಸಬ್ಯಾಡ ಅಂದಿದ್ರೇನು?"

ಅಂದಿರಲಿಲ್ಲ. ಅಷ್ಟೆಲ್ಲ ಬುಟ್ಟಿಗಳನ್ನು ಬೇರೆ ಬೇರೆ ಇಟ್ಟಿದ್ದೆ, ಬುಟ್ಟಿಗಳ ನಡುವೆ ಓಡಾಡುವ ಕೈ ಒಂದೇ ಎನ್ನುವುದು ಹೊಳೆದಿರಲಿಲ್ಲ. ನಾನು ಎದ್ದು ಒಂದು ಬಟ್ಟೆ ತೋಯಿಸಿ ತಂದು ಕೂಸಿನ ಕಾಲು ಒರೆಸಿದೆ. ಆಯಾ ನನ್ನನ್ನೇ ನೋಡುತ್ತಿದ್ದಳು. ಅವಳ ಕೈಯನ್ನೇ ಹೊಲಸು ಅಂದಂತಾಯಿತು ಎಂದು ಅವಳ ಮುಖ ಹೇಳುತ್ತಿತ್ತು.

ಮರುದಿನದಿಂದ ಆ ಕೂಸನ್ನು ನಾನೇ ನೋಡಿಕೊಂಡೆ. ಎಲ್ಲರಿಗಿಂತ ಮೊದಲು ಅದನ್ನು ಒರೆಸಿ, ಬೇರೆ ಖೋಲಿಯಲ್ಲಿ ಮಲಗಿಸುವುದು. ಮುಟ್ಟುವ ಮೊದಲು ಮೊಣಕೈವರೆಗೆ ಕೈ ತೊಳೆಯುವುದು. ಆಯಾಗೆ ಮುಟ್ಟಗೊಡಲಿಲ್ಲ. ಅವಳು ಎರಡು ದಿನ ಕೆಲಸಕ್ಕೆ ಬರಲಿಲ್ಲ. ಒಗೆಯಲು, ಒರೆಸಲು ಬರುವ ಒಬ್ಬ ಸಹಾಯಕಿಯನ್ನಷ್ಟೇ ಇಟ್ಟುಕೊಂಡು ನಾನು ಅಷ್ಟೂ ಕೂಸುಗಳ ಉಚ್ಚೆ ಬಟ್ಟೆ, ಬಾಟಲಿ, ಅಳು ಎಲ್ಲವನ್ನೂ ನೋಡಿಕೊಂಡು ಸಂಜೆಗೆ ಮೆಟ್ಟಿಲು ಹತ್ತಲಾಗದೆ ಕೆಳಗೇ ಮಲಗಿದೆ. ವಾರ ಕಳೆಯುವಷ್ಟರಲ್ಲಿ ಗುಳ್ಳೆಗಳು ಒಣಗಿ ಹೊಟ್ಟಿನಂತೆ ಉದುರಿದವು. ಹೊಸವು ಏಳಲಿಲ್ಲ.

ಮುಗದದ ಅಜ್ಜಿ ಬಂದಾಗ ಎಣ್ಣೆಯಲ್ಲಿ ಏನೇನಿದೆ ಎಂದು ಕೇಳಿದೆ. ಅವರು ಖುಷಿಯಿಂದಲೇ ಹೇಳಿದರು. ಕುಸುಬಿ ಎಣ್ಣೆಗೆ ಬಜೆ, ಓಮು, ಬೆಳ್ಳುಳ್ಳಿ ಹಾಕಿ ಕಾಯಿಸಿ, ಇಳಿಸಿದ ಮೇಲೆ ಕರ್ಪೂರ ಪುಡಿ ಮಾಡಿ ಹಾಕುವುದು. ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಗುಳ್ಳೆ ಯಾವುದರಿಂದ ಎದ್ದಿತು ಎಂದು ಗಟ್ಟಿಯಾಗಿ ಹೇಳಲಾಗದು, ಬೆಳ್ಳುಳ್ಳಿಗೂ ಎಳೆಯ ಚರ್ಮ ಸುಡಬಹುದು ಎಂದರು. ಆದರೆ ಕರ್ಪೂರದ ಮಾತು ಬಂದಾಗ ಅವರ ದನಿ ಬದಲಾಯಿತು. ಅದು ಯಾವ ಸಣ್ಣ ಕೂಸಿನ ಮೈಗೂ ಕೂಡದು, ಆ ಮೊಮ್ಮಗನಿಗೂ ಕೂಡದು, ಇವತ್ತೇ ನಿಲ್ಲಿಸಿ ಎಂದರು.

ಇಷ್ಟಕ್ಕೆ ಆ ಒಂದು ಬಾಟಲಿಯನ್ನು ವಾಪಸು ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಾಳೆ ಇನ್ನೊಂದು ಅಜ್ಜಿ, ಇನ್ನೊಂದು ಬಾಟಲಿ. ನಾನು ಪ್ರತಿ ಬಾಟಲಿಯ ಹಿಂದೆ ಓಡುವಷ್ಟು ಗಟ್ಟಿ ಇಲ್ಲ. ಎಣ್ಣೆಯನ್ನೇ ನಿಲ್ಲಿಸಿದೆ. ಎಣ್ಣೆ, ಪೌಡರು, ಲೋಷನ್ನು ಎಲ್ಲ ಮನೆಯಲ್ಲಿ ಹಚ್ಚಿಕೊಂಡು ಬರಲಿ. ಇಲ್ಲಿ ನೀರು, ಹತ್ತಿ ಬಟ್ಟೆ, ಡಾಕ್ಟರು ಹೇಳಿದ್ದರೆ ನ್ಯಾಪಿಯ ಮುಲಾಮು, ಅಷ್ಟೇ. ಒಂದು ಕೂಸನ್ನು ಮುಗಿಸಿ ಇನ್ನೊಂದನ್ನು ಮುಟ್ಟುವ ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕು. ನಮ್ಮ ಹೆಸರು ನಿಂತಿದ್ದೇ ಆ ಎಣ್ಣೆ ತೀಡುವುದರ ಮೇಲೆ. ಅದನ್ನು ನಿಲ್ಲಿಸಿದರೆ ಉಳಿಯುವುದೇನು ಎಂದು ನನಗೂ ಭಯವಿತ್ತು.

ಅಜ್ಜಿ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡರು. "ನಾಕು ಹಡದೇನಿ ತಂಗಿ, ನಾಕಕ್ಕೂ ಇದ ಎಣ್ಣಿ. ಒಂದಕ್ಕೂ ಒಂದು ಗುಳ್ಳಿ ಎದ್ದಿಲ್ಲ."

"ನಿಮ್ಮ ಪ್ರೀತಿ ಮ್ಯಾಲೆ ನಂದೇನೂ ತಕರಾರಿಲ್ರಿ ಆಯಿ. ಕರ್ಪೂರ ಕೂಸಿಗೆ ವಿಷ ಅಂತ ಡಾಕ್ಟರು ಹೇಳ್ಯಾರ. ಮನ್ಯಾಗೂ ಹಚ್ಚಬ್ಯಾಡ್ರಿ, ನಿಮ್ಮ ಕಾಲು ಹಿಡಕೋತೇನಿ."

"ವಿಷಾ!" ಎಂದರು. ಅದೊಂದು ಮಾತು ಸಾಕಾಯಿತು, ಹೋಗಿಬಿಟ್ಟರು. ಅವರ ಸೊಸೆ ಮಾತ್ರ ಮರುದಿನ ಕೂಸನ್ನು ತಂದು, ಬುಟ್ಟಿಯ ತಳದ ಆ ಸೀಲು ಒಡೆಯದ ಬಾಟಲಿಯನ್ನು ಮನೆಗೆ ಒಯ್ದಳು. ಬೇರೆ ಇಬ್ಬರು ಪಾಲಕರು, ಬರೀ ನೀರಿನಲ್ಲಿ ಒರೆಸುವುದಕ್ಕೆ ಇಲ್ಲಿಗ್ಯಾಕೆ ಎಂದು ಮಕ್ಕಳನ್ನು ಬಿಡಿಸಿದರು.

ಕಂಡಕ್ಟರಳಿಗೆ ಹೇಳುವುದು ಉಳಿದಿತ್ತು. ಗುಳ್ಳೆ ಹೋಗಿದೆ, ಹೇಳದಿದ್ದರೂ ನಡೆಯುತ್ತದೆ ಎಂದು ಒಳಗೊಂದು ದನಿ ಹೇಳುತ್ತಲೇ ಇತ್ತು. ಆದರೆ ಆ ಬಚ್ಚಲ ಗೋಡೆಗೆ ಹಚ್ಚಿದ ಹಣೆ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಅವಳನ್ನು ಕೂರಿಸಿ ಎಲ್ಲ ಹೇಳಿದೆ. ನಮ್ಮ ಕೈಯಿಂದ ಆಯಿತು, ನನ್ನ ಕಣ್ಣ ಮುಂದೆಯೇ ಆಯಿತು ಎಂದೆ.

ಅವಳು ಕೂಸಿನ ಕಾಲನ್ನು ಸವರಿದಳು.

"ಅಂದ್ರ ನನ್ನ ಹಾಲಿಂದ ಅಲ್ರಿ?"

"ಅಲ್ಲವಾ. ಮದಲಿಂದೂ ಅಲ್ಲ."

"ಹಂಗಾರ ನಾ ಸುಮ್ನ ಚೆಲ್ಲಿದ್ನಿ" ಎಂದಳು. ಆಮೇಲೆ ಅವಳಿಗೆ ಸಿಟ್ಟು ಬಂತು, ಬರಬೇಕಾದ್ದೇ. "ದಿನಾ ನೀವು ನೋಡ್ತಿದ್ರಿ. ನಾ ಹಸದ ಕೂಸಿನ ಮುಂದ ಹಾಲು ಚೆಲ್ಲೂದು ನೋಡ್ತಿದ್ರಿ. ಇಷ್ಟು ತಡಾ ಯಾಕ ಮಾಡಿದ್ರಿ ಅಕ್ಕಾರ?" ಬೈಸಿಕೊಂಡೆ. ನಾಳೆ ಇವಳು ಬರುವುದಿಲ್ಲ ಎಂದುಕೊಂಡೆ. ಬಂದಳು. ಕೂಸನ್ನು ಬಿಡಲು ಅವಳಿಗೆ ಬೇರೆ ಜಾಗವಿರಲಿಲ್ಲ.

ಗಂಡ ನೌಕರಿಯ ಮಾತು ಎತ್ತುವುದನ್ನು ಬಿಟ್ಟ. ಆದರೆ ಅತ್ತೆ ನಂಬಲಿಲ್ಲ; ಪಥ್ಯ ಮಾಡಿದ್ದಕ್ಕೇ ಕಡಿಮೆಯಾಯಿತು, ಇನ್ನಷ್ಟು ದಿನ ನಡೆಯಲಿ ಎಂದರಂತೆ. ಇವಳಿಗೂ ಒಳಗೊಳಗೆ ಹೆದರಿಕೆ. ಬದನೆಕಾಯಿ ಮುಟ್ಟಲಿಲ್ಲ. ಸಂಜೆ ಬಂದವಳು ಮೊದಲು ಬಚ್ಚಲಿಗೇ ಹೋಗುತ್ತಿದ್ದಳು. ನಾನು ಎಷ್ಟು ಹೇಳಿದರೂ ತಲೆಯಾಡಿಸಿ ಹೋಗುತ್ತಿದ್ದಳು. ಆಯಾ ಕೆಲಸಕ್ಕೆ ಮರಳಿದ್ದಳು. ಹೇಳಿದಂತೆ ಪ್ರತಿ ಸಲ ಕೈ ತೊಳೆಯುತ್ತಿದ್ದಳು, ಸೋಪಿನ ಡಬ್ಬಿಯನ್ನು ಬೇಕೆಂದೇ ಸಪ್ಪಳ ಮಾಡಿ ಇಡುತ್ತಿದ್ದಳು, ನನ್ನೊಂದಿಗೆ ಬೇಕಾದಷ್ಟೇ ಮಾತು. ನನಗೆ ಎಲ್ಲ ಸಾಕಾಗಿಹೋಗಿತ್ತು.

ಒಂದು ದಿನ ಕಂಡಕ್ಟರಳ ಡ್ಯೂಟಿ ಬೇಗ ಮುಗಿದಿತ್ತು. ಮಕ್ಕಳು ಮಲಗಿದ ಮೇಲೆಯೇ ನನ್ನ ಊಟ, ಆಗಷ್ಟೇ ತಾಟು ಹಾಕಿಕೊಂಡು ಕೂತಿದ್ದೆ. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ.

"ಬಾ, ಉಣ್ಣು" ಎಂದೆ, ಬಾಯಿಮಾತಿಗೆ.

ಅವಳು ಬಾಗಿಲಲ್ಲೇ ನಿಂತು ತಾಟನ್ನು ನೋಡಿದಳು. ಟಿಕೆಟಿನ ಮಷಿನ್ನಿನ ಚೀಲವನ್ನು ಭುಜದಿಂದ ಇಳಿಸಿ ಗೋಡೆಗೆ ಇಟ್ಟಳು. "ಶೇಂಗಾ ಹಾಕೀರೇನ್ರಿ ಇದಕ್ಕ?"

"ಹಾಕೇನಿ."

ಬಂದು ಕೂತಳು. ನಾನು ಇನ್ನೊಂದು ತಾಟು ಕೊಟ್ಟೆ. ಮೊದಲ ತುತ್ತನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಉಂಡಳು, ಇನ್ನೊಂದು ಬದನೆಕಾಯಿ ಹಾಕಿಸಿಕೊಂಡಳು, ತಾಟಿನ ಮಸಾಲೆಯನ್ನು ರೊಟ್ಟಿಯ ಚೂರಿನಿಂದ ಬಳಿದಳು. ನಾನು ಉಂಡು ಕೈ ತೊಳೆದು ಬಂದು ಕೂರುವಷ್ಟರಲ್ಲಿ ಕೂಸು ಎದ್ದಿತು. ಆಯಾ ಎತ್ತಿಕೊಂಡು ಬಂದಳು. ಅದು ತಾಯಿಯನ್ನು ಕಂಡು ಎರಡೂ ಕೈ ಚಾಚಿ ಬಾಗಿತು. ಅವಳು ಗಡಬಡಿಸಿ ಎಣ್ಣೆ ಮೆತ್ತಿದ ಕೈಯನ್ನು ಮೇಲಕ್ಕೆತ್ತಿ ಹಿಂದಕ್ಕೆ ಸರಿದಳು.

ಆಯಾ ಕೂಸನ್ನು ನನ್ನ ತೊಡೆಗೆ ಹಾಕಿ, ತಂಬಿಗೆ ತಂದು ಅವಳ ಕೈಗೆ ನೀರು ಹನಿಸಿದಳು, ಸೋಪು ಕೊಟ್ಟಳು. "ಛಲೋತ್ನಾಗಿ ತಿಕ್ಕವಾ, ಬೆರಳಿನ ಸಂದ್ಯಾಗ" ಎಂದಳು. ಅವಳು ತಿಕ್ಕಿದಳು. ಆಯಾ ಮತ್ತೆ ನೀರು ಹಾಕಿದಳು.

ಕೈ ಒರೆಸಿಕೊಂಡು ಅವಳು ಎದ್ದು ಬಚ್ಚಲಿನ ಕಡೆ ಎರಡು ಹೆಜ್ಜೆ ಇಟ್ಟಳು. ಅಲ್ಲಿಯೇ ನಿಂತಳು. ತಿರುಗಿ ಬಂದು ನನ್ನ ತೊಡೆಯಿಂದ ಕೂಸನ್ನು ಎತ್ತಿಕೊಂಡು, ಗೋಡೆಗೆ ಒರಗಿ ಕೂತು, ಒಂದು ಹನಿಯನ್ನೂ ಚೆಲ್ಲದೆ ಕುಡಿಸತೊಡಗಿದಳು.